ಕೊನೆಯಲ್ಲಿ ಉಣ್ಣುವವರ ತಟ್ಟೆ

ಕಳೆದ ಶಅಬಾನ್ ತಿಂಗಳ ಒಂದು ಸಂಜೆ ನಮ್ಮ ಉಮ್ಮ ಅಡುಗೆ ಮನೆಯ ಕಟ್ಟೆಯನ್ನು ಹಿಡಿದು ನಿಂತವರು ಹಾಗೆಯೇ ನೆಲಕ್ಕೆ ಕುಸಿದರು. ರಮಝಾನ್‌ಗೆ ಎರಡು ವಾರಗಳಷ್ಟೇ ಉಳಿದಿದ್ದವು. ಪತ್ತಿರ್‌ಗಾಗಿ ಅಕ್ಕಿ ಹುಡಿಯನ್ನು ಹುರಿದು ಡಬ್ಬಿಗೆ ತುಂಬಿಸುವ ಕೆಲಸದಲ್ಲಿ ಅವರು ಬೆಳಗ್ಗಿನಿಂದ ತೊಡಗಿದ್ದರು. ಮಂಗಳೂರಿನ ಬಂದರು ಪ್ರದೇಶದ ನಮ್ಮ ಹಳೆಯ ಮನೆಯಲ್ಲಿ ಅಂದು ಮಗ್ರಿಬ್‌ನ ಅಝಾನ್ ಕೇಳಿದಾಗ ನಾವೆಲ್ಲರೂ ಅವರ ಸುತ್ತ ಕುಳಿತಿದ್ದೆವು. ಅಡುಗೆಯವರಿಲ್ಲದ ಅಡುಗೆ ಮನೆಯನ್ನು ನಾವು ಮೊದಲ ಬಾರಿಗೆ ನೋಡಿದೆವು.

ಉಮ್ಮನಿಗೆ ಸಕ್ಕರೆ ಕಾಯಿಲೆ ಹೊಸದಲ್ಲ. ನಾಲ್ಕು ವರ್ಷಗಳಿಂದ ಮಾತ್ರೆ ಸೇವಿಸುತ್ತಿದ್ದರು. ಆದರೆ ಈ ಬಾರಿಯ ರಕ್ತ ಪರೀಕ್ಷೆಯಲ್ಲಿ ಎರಡು ಸಂಖ್ಯೆಗಳು ಜೊತೆಯಾಗಿ ಬಂದವು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ 8.1 ಇತ್ತು. ಹಿಮೋಗ್ಲೋಬಿನ್ 9.4ಕ್ಕೆ ಇಳಿದಿತ್ತು. ಒಂದು ಮಿತಿ ಮೀರಿತ್ತು, ಇನ್ನೊಂದು ಮಿತಿಗಿಂತ ಕೆಳಗಿತ್ತು. ಒಂದೇ ದೇಹವು ಏಕಕಾಲದಲ್ಲಿ ಅತಿಯಾಗಿ ಉಂಡದ್ದೂ ಹಸಿದದ್ದೂ ಆಗಿರುವುದು ಹೇಗೆ ಎಂದು ನಾವು ವೈದ್ಯರನ್ನು ಕೇಳಿದೆವು. ಅವರು ಉತ್ತರಿಸಲಿಲ್ಲ. ಔಷಧದ ಚೀಟಿಯೊಂದಿಗೆ ಒಂದು ಖಾಲಿ ಹಾಳೆಯನ್ನು ಕೊಟ್ಟು, ಮೂರು ದಿನಗಳ ಕಾಲ ಇವರು ಸೇವಿಸುವ ಪ್ರತಿಯೊಂದನ್ನೂ ಬರೆದು ತನ್ನಿ ಎಂದಷ್ಟೇ ಹೇಳಿದರು.

ಇದು ಸುಲಭದ ಕೆಲಸವೆಂದು ನಾವು ಭಾವಿಸಿದ್ದೆವು. ಆದರೆ ಮೊದಲ ದಿನವೇ ಒಂದು ಸತ್ಯ ಅರಿವಾಯಿತು. ನಮ್ಮ ಉಮ್ಮ ಏನು ಉಣ್ಣುತ್ತಾರೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಉಣ್ಣುವಾಗ ನಾವು ಅಲ್ಲಿರುತ್ತಿರಲಿಲ್ಲ. ನಮ್ಮ ಊಟ ಮುಗಿದು, ಕೈ ತೊಳೆದು, ನಾವು ಚಾವಡಿಗೆ ಬಂದ ಮೇಲೆಯೇ ಅವರ ಊಟ ಆರಂಭವಾಗುತ್ತಿತ್ತು. ಇದು ನಮ್ಮ ಮನೆಯೊಂದರ ಸಂಗತಿಯಲ್ಲ ಎಂಬುದನ್ನು ಓದುಗರು ಬಲ್ಲರು.

ಮೂರು ದಿನಗಳ ಪಟ್ಟಿ ಹೀಗಿತ್ತು. ಬೆಳಗ್ಗೆ ಪತ್ತಿರ್ ಅಥವಾ ನೀರುದೋಸೆ, ಹಿಂದಿನ ದಿನದ ಸಾರು, ಸಕ್ಕರೆ ಹಾಕಿದ ಚಹಾ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಸಂಜೆ ಚಹಾ, ನಾಲ್ಕು ಬಿಸ್ಕತ್ತು. ರಾತ್ರಿ ಗಂಜಿ, ಉಪ್ಪಿನಕಾಯಿ. ಮೂರೂ ದಿನ ನಮ್ಮ ಮನೆಯಲ್ಲಿ ಮೀನಿನ ಅಡುಗೆಯಾಗಿತ್ತು. ಮೂರೂ ದಿನ ಉಮ್ಮನ ಪಟ್ಟಿಯಲ್ಲಿ ಮೀನಿನ ಸಾರು ಇತ್ತು, ಮೀನು ಇರಲಿಲ್ಲ. ನಾವು ಮನೆಯಲ್ಲಿ ಏಳು ಮಂದಿ. ಧಕ್ಕೆಯಿಂದ ತಂದ ಬಂಗುಡೆಯನ್ನು ಹುರಿದು ಬಡಿಸುವಾಗ ಲೆಕ್ಕವು ನಮ್ಮಿಂದ ಆರಂಭವಾಗುತ್ತಿತ್ತು. ಒಬ್ಬರಿಗೆ ಎರಡನೆಯದು ಬೇಕಾದರೆ ಅದು ಎಲ್ಲಿಂದ ಬರುತ್ತಿತ್ತೆಂದು ನಾವು ಎಂದೂ ಕೇಳಿದವರಲ್ಲ. "ನನಗೆ ಸಾರು ಸಾಕು, ಮೀನಿನ ರುಚಿಯೆಲ್ಲ ಸಾರಿನಲ್ಲೇ ಇರುವುದು" ಎಂಬ ಅವರ ಮಾತನ್ನು ನಾವು ಅವರ ಇಷ್ಟವೆಂದು ನಂಬಿದ್ದೆವು.

ರುಚಿ ಸಾರಿನಲ್ಲಿ ಇರಬಹುದು. ಆದರೆ ದೇಹವನ್ನು ಕಟ್ಟುವ ವಸ್ತು ಮೀನಿನಲ್ಲಿಯೇ ಉಳಿಯುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಆಹಾರದ ಮೂರು ಮೂಲ ಘಟಕಗಳ ಬಗ್ಗೆ ಸ್ವಲ್ಪ ತಿಳಿಯಬೇಕಾಗಿದೆ.

ನಾವು ಸೇವಿಸುವ ಆಹಾರವು ಅದೆಷ್ಟೇ ಬಗೆಯದ್ದಾಗಿರಲಿ, ಅದರಲ್ಲಿ ದೇಹಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಬೇಕಾದ ಅಂಶಗಳು ಮೂರು. ಶಾಲೆಯಲ್ಲಿ ನಾವು ಅವುಗಳನ್ನು ಶರ್ಕರಪಿಷ್ಟ, ಸಸಾರಜನಕ ಮತ್ತು ಕೊಬ್ಬು ಎಂದು ಕಲಿತೆವು. ಇಂದು ಕಾರ್ಬೊಹೈಡ್ರೇಟ್, ಪ್ರೋಟೀನ್, ಫ್ಯಾಟ್ ಎಂಬ ಹೆಸರುಗಳೇ ಹೆಚ್ಚು ಬಳಕೆಯಲ್ಲಿವೆ. ಆಹಾರವನ್ನು ಹೀಗೆ ಮೂರು ವರ್ಗಗಳಾಗಿ ವಿಂಗಡಿಸಿ 1827ರಲ್ಲಿ ಮಂಡಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್. ಪ್ರೋಟೀನ್ ಎಂಬ ಪದವು 1838ರಲ್ಲಿ ಬಳಕೆಗೆ ಬಂತು. ಗ್ರೀಕ್ ಮೂಲದಲ್ಲಿ ಅದಕ್ಕೆ 'ಮೊದಲ ಸ್ಥಾನದ್ದು' ಎಂಬ ಅರ್ಥವಿದೆ. ಮೊದಲ ಸ್ಥಾನದ ಈ ವಸ್ತುವು ನಮ್ಮ ಮನೆಯ ಕೊನೆಯ ತಟ್ಟೆಗೆ ತಲುಪುತ್ತಲೇ ಇರಲಿಲ್ಲ.

ಒಂದು ಗ್ರಾಂ ಶರ್ಕರಪಿಷ್ಟ ಸುಮಾರು 4 ಕ್ಯಾಲೊರಿ ಶಕ್ತಿಯನ್ನು ನೀಡುತ್ತದೆ. ಒಂದು ಗ್ರಾಂ ಪ್ರೋಟೀನ್ ಕೂಡ ಅಷ್ಟೇ ನೀಡುತ್ತದೆ. ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ನೀಡುತ್ತದೆ. ಆದರೆ ಈ ಮೂರೂ ಮಾಡುವ ಕೆಲಸ ಒಂದೇ ಅಲ್ಲ. ಶರ್ಕರಪಿಷ್ಟವು ಜೀರ್ಣವಾಗಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ, ದೇಹಕ್ಕೆ ಉರುವಲಾಗುತ್ತದೆ. ಪ್ರೋಟೀನು ಸ್ನಾಯು, ಚರ್ಮ, ರಕ್ತ, ಹಾರ್ಮೋನುಗಳನ್ನು ಕಟ್ಟುತ್ತದೆ, ಸವೆದುದನ್ನು ದುರಸ್ತಿ ಮಾಡುತ್ತದೆ. ಕೊಬ್ಬು ಶಕ್ತಿಯ ದಾಸ್ತಾನು. ಎ, ಡಿ, ಇ, ಕೆ ಜೀವಸತ್ವಗಳನ್ನು ದೇಹವು ಹೀರಿಕೊಳ್ಳಬೇಕಾದರೂ ಕೊಬ್ಬು ಬೇಕು. ಮನೆ ಕಟ್ಟುವವನಿಗೆ ಕಲ್ಲಿನ ಬದಲು ಹತ್ತು ಹೊರೆ ಸೌದೆ ಕೊಟ್ಟರೆ ಗೋಡೆ ಏಳುವುದಿಲ್ಲ. ನಮ್ಮ ಉಮ್ಮನ ದೇಹಕ್ಕೆ ನಾವು ನಲವತ್ತು ವರ್ಷ ಸೌದೆಯನ್ನೇ ಕೊಟ್ಟಿದ್ದೆವು.

ಪಟ್ಟಿಯನ್ನು ನೋಡಿದ ಆಹಾರ ತಜ್ಞರು ನಮ್ಮೆದುರೇ ಲೆಕ್ಕ ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವ ಉಮ್ಮನಿಗೆ ಇದು ಸುಮಾರು 50 ಗ್ರಾಂ ಆಗುತ್ತದೆ. ಪಟ್ಟಿಯಲ್ಲಿ ದೊರೆತದ್ದು 33 ಗ್ರಾಂ. ಅದರಲ್ಲಿಯೂ ಹೆಚ್ಚಿನ ಪಾಲು ಅಕ್ಕಿಯದ್ದು. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ ಇರುತ್ತದೆ. ಬೇಳೆ, ಮೀನು ಅಥವಾ ಮೊಟ್ಟೆ ಜೊತೆಗೂಡಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಅವರ ದಿನದ ಒಟ್ಟು ಶಕ್ತಿಯ ಸುಮಾರು ಮುಕ್ಕಾಲು ಪಾಲು ಅಕ್ಕಿ, ಸಕ್ಕರೆ, ಬಿಸ್ಕತ್ತುಗಳಿಂದ ಬರುತ್ತಿತ್ತು. ಅತಿಯಾಗಿ ಉಂಡ ದೇಹವೂ ಹಸಿದ ದೇಹವೂ ಒಂದೇ ಆದದ್ದು ಹೇಗೆಂಬ ನಮ್ಮ ಪ್ರಶ್ನೆಗೆ ಬಹಳಷ್ಟು ಉತ್ತರ ಆ ಹಾಳೆಯಲ್ಲಿತ್ತು.

ಇದು ಉಮ್ಮನೊಬ್ಬರ ಕಥೆಯೂ ಅಲ್ಲ. ಭಾರತೀಯರು ಸೇವಿಸುವ ಒಟ್ಟು ಶಕ್ತಿಯ ಶೇ. 62ರಷ್ಟು ಶರ್ಕರಪಿಷ್ಟದಿಂದ ಬರುತ್ತದೆ ಎಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನವು 2025ರಲ್ಲಿ ತಿಳಿಸಿತು. ಪ್ರೋಟೀನಿನ ಪಾಲು ಶೇ. 12 ಮಾತ್ರ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಅದೇ ಅಧ್ಯಯನವು 2023ರಲ್ಲಿ ಅಂದಾಜು ಮಾಡಿತ್ತು. ಇನ್ನೊಂದೆಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿ ರಕ್ತಹೀನರು. ಧಾನ್ಯಗಳಿಂದ ಬರುವ ಶಕ್ತಿ ಶೇ. 45ನ್ನು ಮೀರದಿರಲಿ, ಬೇಳೆಕಾಳು ಮತ್ತು ಮೀನು-ಮಾಂಸಗಳ ಪಾಲು ಹೆಚ್ಚಲಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಹೇಳುತ್ತದೆ.

ಈ ಅಂಕಿಗಳನ್ನು ಓದಿದಾಗ ನಮಗೆ ವಿಸ್ಮಯವೂ ನಾಚಿಕೆಯೂ ಒಟ್ಟಿಗೆ ಉಂಟಾದವು. ಏಕೆಂದರೆ ಕರಾವಳಿಯಲ್ಲಿ ಅಲ್ಲಾಹನು ನಮಗೆ ಯಾವುದನ್ನೂ ಕಡಿಮೆ ಮಾಡಿಲ್ಲ. ಶರ್ಕರಪಿಷ್ಟಕ್ಕೆ ಕುಚ್ಚಲಕ್ಕಿಯಿದೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ಜೀವಸತ್ವಗಳು ಅಕ್ಕಿಯ ಒಳಗೆ ಇಳಿಯುವುದರಿಂದ, ಪಾಲಿಷ್ ಮಾಡಿದ ಬೆಳ್ತಿಗೆಗಿಂತ ಇದು ಎಷ್ಟೋ ಮೇಲು. ಕೊಬ್ಬಿಗೆ ಅಂಗಳದ ತೆಂಗಿನಮರವಿದೆ. 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ 30 ಗ್ರಾಂಗೂ ಹೆಚ್ಚು ಕೊಬ್ಬಿದೆ. ಅದರ ಬಹುಪಾಲು ಪರ್ಯಾಪ್ತ ಕೊಬ್ಬಾದ್ದರಿಂದ ಕೈ ಹಿಡಿದು ಬಳಸಬೇಕಷ್ಟೆ. ಪ್ರೋಟೀನಿಗೆ ಮುಂದೆಯೇ ಸಮುದ್ರವಿದೆ. 100 ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬೂ ಈ ಸಣ್ಣ ಮೀನುಗಳಲ್ಲಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಸ್ಥಾಪನೆಯಾದದ್ದು ನಮ್ಮ ಮಂಗಳೂರಿನಲ್ಲಿಯೇ. ಮೀನನ್ನು ಕುರಿತು ಕಲಿಸುವ ಊರಿನಲ್ಲಿ, ಮೀನನ್ನು ದಿನವೂ ಬೇಯಿಸುವ ಕೈಗಳಿಗೆ ಮೀನು ಸಿಗಲಿಲ್ಲ ಎಂದರೆ ಕೊರತೆ ಸಮುದ್ರದ್ದಲ್ಲ, ಹಂಚಿಕೆಯದ್ದು.

ಪವಿತ್ರ ಕುರ್‌ಆನಿನ ಅರ್‍ರಹ್ಮಾನ್ ಅಧ್ಯಾಯವು ಆಕಾಶವನ್ನು ಎತ್ತರಿಸಿದ ಪ್ರಭುವು ತಕ್ಕಡಿಯನ್ನೂ ಸ್ಥಾಪಿಸಿದನೆಂದು ನೆನಪಿಸುತ್ತದೆ, ತೂಕದಲ್ಲಿ ಅತಿಕ್ರಮಿಸದಂತೆ ಎಚ್ಚರಿಸುತ್ತದೆ. ಈ ತಕ್ಕಡಿಯನ್ನು ನಾವು ಅಂಗಡಿಗೆ ಸೀಮಿತಗೊಳಿಸಿದ್ದೇವೆ. ಅಡುಗೆ ಮನೆಯಲ್ಲೂ ಒಂದು ತಕ್ಕಡಿಯಿದೆ. ಅದರ ಒಂದು ತಟ್ಟೆಯಲ್ಲಿ ಅನ್ನದ ರಾಶಿಯೂ ಇನ್ನೊಂದರಲ್ಲಿ ಮೀನು, ಬೇಳೆ, ತರಕಾರಿಯೂ ಇವೆ. ಒಂದು ಬದಿಯಲ್ಲಿ ಮೊದಲು ಉಣ್ಣುವವರೂ ಇನ್ನೊಂದು ಬದಿಯಲ್ಲಿ ಕೊನೆಗೆ ಉಣ್ಣುವವರೂ ಇದ್ದಾರೆ.

ಮಹಿಳೆಯರು ಕೊನೆಯಲ್ಲಿ, ಉಳಿದುದನ್ನು ಉಣ್ಣಬೇಕೆಂಬುದು ಧರ್ಮದ ಬೋಧನೆಯಲ್ಲ, ಅದು ನಮ್ಮ ರೂಢಿ. ಪತ್ನಿಯ ಹಕ್ಕೇನೆಂದು ಕೇಳಿದ ಒಬ್ಬ ಸಂಗಾತಿಗೆ ಪ್ರವಾದಿ ಮುಹಮ್ಮದ್(ಸ)ರು, ನೀನು ಉಣ್ಣುವಾಗ ಅವಳಿಗೂ ಉಣಿಸುವುದನ್ನು ಮೊದಲಾಗಿ ಎಣಿಸಿ ಹೇಳಿದ್ದಾರೆ. ಆಹಾರ ಸಿದ್ಧಪಡಿಸಿ ತಂದ ಸೇವಕನನ್ನು ಜೊತೆಯಲ್ಲಿ ಕುಳ್ಳಿರಿಸಿಕೊಳ್ಳಬೇಕು, ಅದಾಗದಿದ್ದರೆ ಅದರಿಂದ ಒಂದೆರಡು ತುತ್ತನ್ನಾದರೂ ಅವನಿಗೆ ನೀಡಬೇಕು, ಏಕೆಂದರೆ ಒಲೆಯ ಬಿಸಿಯನ್ನೂ ಅದರ ಶ್ರಮವನ್ನೂ ಸಹಿಸಿದವನು ಅವನು ಎಂದೂ ಅವರು ಕಲಿಸಿದ್ದಾರೆ. ಸೇವಕನ ಹಕ್ಕೇ ಹೀಗಿರುವಾಗ ತಾಯಿಯ ಹಕ್ಕು ಎಂತಹದು? ಈ ಬೋಧನೆಗಳನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೆವು. ಕೇಳಿ ಮನೆಗೆ ಬಂದು, ಉಮ್ಮ ಬಡಿಸಿದ ತುಪ್ಪದನ್ನವನ್ನು ಉಂಡು, ಮಲಗಿದ್ದೆವು.

ರಮಝಾನ್ ಆರಂಭವಾಗುವ ಮುನ್ನ ನಾವು ಒಂದು ತೀರ್ಮಾನಕ್ಕೆ ಬಂದೆವು. ಆಹಾರ ತಜ್ಞರ ಸಲಹೆಯಂತೆ ಉಮ್ಮನ ದಿನದ ಅಕ್ಕಿಯಲ್ಲಿ 100 ಗ್ರಾಂ ಕಡಿತವಾಗಬೇಕು. ಆ ಜಾಗಕ್ಕೆ ಎರಡು ಬಂಗುಡೆ, ಒಂದು ಮೊಟ್ಟೆ, ಒಂದು ಬಟ್ಟಲು ಬೇಳೆ ಅಥವಾ ಹೆಸರುಕಾಳು ಬರಬೇಕು. ಅಕ್ಕಿ ಕಡಿಮೆಯಾದುದರಿಂದ 7 ಗ್ರಾಂ ಪ್ರೋಟೀನ್ ಹೋದರೂ ಮೀನಿನಿಂದ 19, ಮೊಟ್ಟೆಯಿಂದ 6, ಬೇಳೆಯಿಂದ 7 ಗ್ರಾಂ ಬರುತ್ತದೆ. 33 ಇದ್ದುದು 58 ಆಗುತ್ತದೆ. ಇದಕ್ಕೆ ಪೇಟೆಯ ದುಬಾರಿ ಪ್ರೋಟೀನ್ ಹುಡಿ ಬೇಕಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆಯಾದ್ದರಿಂದ, ಉಮ್ಮನ ಪರೀಕ್ಷೆಯನ್ನು ನೋಡಿದ ಬಳಿಕವೇ ವೈದ್ಯರು ಒಪ್ಪಿಗೆ ನೀಡಿದರು. ಉಪವಾಸಕ್ಕೆ ಅನುಗುಣವಾಗಿ ಮಾತ್ರೆಯ ಹೊತ್ತನ್ನೂ ಅವರು ಬದಲಿಸಿದರು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕ್ಷಣವೂ ಕಾಯದೆ ಉಪವಾಸವನ್ನು ತೊರೆಯಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು.

ಮೊದಲ ಹತ್ತು ದಿನಗಳು ಚೆನ್ನಾಗಿ ಕಳೆದವು. ಸಹ್ರಿಗೆ ಎಲ್ಲರೂ ಒಂದೇ ಸುಪ್ರದ ಸುತ್ತ ಕುಳಿತೆವು. ಹನ್ನೊಂದನೆಯ ದಿನ ನಾವು ಎಡವಿದೆವು. ಹಿಂದಿನ ರಾತ್ರಿ ನೆಂಟರು ಬಂದಿದ್ದರು. ಸಹ್ರಿಯಲ್ಲಿ ಉಮ್ಮ ಹಳೆಯ ಅಭ್ಯಾಸದಂತೆ ಬಡಿಸುತ್ತಾ ನಿಂತರು. ಅವರ ಪಾಲಿನ ಮೊಟ್ಟೆ ನೆಂಟರ ಮಗುವಿನ ತಟ್ಟೆಗೆ ಹೋಯಿತು. ಅವರ ಪಾಲಿನ ಹೆಸರುಕಾಳು ಯಾರ ತಟ್ಟೆಗೆ ಹೋಯಿತೆಂದು ನಮಗೆ ಗೊತ್ತಿಲ್ಲ. ಅದು ನಮ್ಮವರದ್ದೇ ತಟ್ಟೆ ಆಗಿರಬೇಕು. ಅಝಾನ್‌ಗೆ ಐದು ನಿಮಿಷವಿರುವಾಗ ಅವರು ನಿಂತಲ್ಲಿಯೇ ಒಂದು ಲೋಟ ಗಂಜಿ ಕುಡಿದರು, ಮಾತ್ರೆ ನುಂಗಿದರು, ನೀಯತ್ತು ಮಾಡಿದರು.

ಗಂಜಿಯ ಪಿಷ್ಟ ಬೇಗನೆ ರಕ್ತ ಸೇರುತ್ತದೆ, ಬೇಗನೆ ಮುಗಿಯುತ್ತದೆ. ಪ್ರೋಟೀನು, ನಾರು ಮತ್ತು ಕೊಬ್ಬು ಜೊತೆಗಿದ್ದರೆ ಜಠರವು ನಿಧಾನವಾಗಿ ಬರಿದಾಗುತ್ತದೆ, ಶಕ್ತಿಯು ಹೆಚ್ಚು ಹೊತ್ತು ನಿಲ್ಲುತ್ತದೆ. ಅಂದು ಅವರ ಹೊಟ್ಟೆಯಲ್ಲಿ ಹಾಗೆ ನಿಲ್ಲುವಂತಹದ್ದೇನೂ ಇರಲಿಲ್ಲ. ಅಸರ್ ನಮಾಝ್‌ನ ಹೊತ್ತಿಗೆ ಅವರು ಬೆವತರು, ಕೈ ನಡುಗಿತು. ಬೆರಳಿಗೆ ಚುಚ್ಚಿ ನೋಡಿದಾಗ ಯಂತ್ರವು 64 ಎಂದು ತೋರಿಸಿತು.

ನಾವು ಖರ್ಜೂರವನ್ನೂ ಸಕ್ಕರೆ ನೀರನ್ನೂ ತಂದೆವು. ಉಮ್ಮ ಬಾಯಿ ತೆರೆಯಲಿಲ್ಲ. ಮದುವೆಯಾಗಿ ಬಂದ ಮೇಲೆ ಕಾರಣವಿಲ್ಲದೆ ಒಂದು ಉಪವಾಸವನ್ನೂ ಬಿಟ್ಟವಳಲ್ಲ, ಇನ್ನು ಎರಡು ಗಂಟೆ ಮಾತ್ರ ಇದೆ ಎಂದು ಅತ್ತರು. ರೋಗಿಗೆ ರಿಯಾಯಿತಿ ನೀಡಿದವನು ಅಲ್ಲಾಹನೇ, ಅವನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂದು ತಂದೆ ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೆ ಅವರೇ ತಮ್ಮ ಕೈಯಿಂದ ಖರ್ಜೂರವನ್ನು ಉಮ್ಮನ ಬಾಯಿಗಿಟ್ಟರು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ತಂದೆ ಉಮ್ಮನಿಗೆ ಉಣಿಸಿದ್ದನ್ನು ನಾವು ಕಂಡದ್ದು ಅಂದೇ ಮೊದಲು. ಉಮ್ಮ ಕಳೆದುಕೊಂಡ ಆ ಉಪವಾಸದ ಹೊಣೆ ಯಾರದ್ದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಒಂದು ಮೊಟ್ಟೆ ಮತ್ತು ಒಂದು ಬಟ್ಟಲು ಹೆಸರುಕಾಳು ಅವರಿಗೆ ತಲುಪಿದ್ದರೆ ಬಹುಶಃ ಆ ದಿನ ಬೇರೆಯೇ ಆಗಿರುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಬಡಿಸುವ ಕ್ರಮ ಬದಲಾಯಿತು. ಏಳು ತಟ್ಟೆಗಳನ್ನು ಮೊದಲೇ ಸಾಲಾಗಿ ಇಡುತ್ತೇವೆ. ಮೀನು, ಮೊಟ್ಟೆ, ಬೇಳೆಯನ್ನು ಏಳಕ್ಕೂ ಹಂಚಿದ ಬಳಿಕವೇ ಅನ್ನ ಬಡಿಸುತ್ತೇವೆ. ನೆಂಟರು ಬಂದರೆ ಎಲ್ಲರ ಪಾಲೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ, ಒಬ್ಬರದ್ದು ಪೂರ್ತಿ ಹೋಗುವುದಿಲ್ಲ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ನೀಡುವಾಗ ಹುಡುಗನಿಗೂ ಹುಡುಗಿಗೂ ತಲಾ ಒಂದು ಸಿಗುತ್ತದೆ. ಶಾಲೆಯ ಅಡುಗೆಯವರು ಪಾಲಿಸುವ ಈ ಸರಳ ನಿಯಮವನ್ನು ಮನೆಯಲ್ಲಿ ಪಾಲಿಸಲು ನಾವು ಇಷ್ಟು ವರ್ಷ ತೆಗೆದುಕೊಂಡೆವು.

ಇಫ್ತಾರ್‌ನ ಸುಪ್ರವೂ ಬದಲಾಯಿತು. ಸಮೋಸ, ಎಣ್ಣೆಯ ತಿಂಡಿ, ಬಣ್ಣದ ಶರಬತ್ತುಗಳಲ್ಲಿ ಇರುವುದು ಬಹುತೇಕ ಮೈದಾ, ಎಣ್ಣೆ, ಸಕ್ಕರೆ. ಹದಿಮೂರು ಗಂಟೆಗಳ ಬಳಿಕ ಇವುಗಳನ್ನು ತುಂಬಿಸಿಕೊಂಡ ದೇಹವು ತರಾವೀಹ್‌ನಲ್ಲಿ ನಿಲ್ಲಲಾರದೆ ತೂಕಡಿಸುತ್ತದೆ. ನಾವು ಖರ್ಜೂರ, ನೀರು, ಹೆಸರುಕಾಳು ಬೆರೆಸಿದ ಗಂಜಿಯಿಂದ ಉಪವಾಸ ತೊರೆದು, ನಮಾಝ್ ಮುಗಿಸಿ, ಮೀನು ಅಥವಾ ಕೋಳಿಯೊಂದಿಗೆ ಎರಡೇ ಪತ್ತಿರ್ ಉಣ್ಣತೊಡಗಿದೆವು. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ಪಾನೀಯಕ್ಕೆ, ಒಂದು ಭಾಗ ಉಸಿರಾಟಕ್ಕೆ ಎಂಬ ಪ್ರವಾದಿವರ್ಯರ(ಸ) ಬೋಧನೆಯ ಹಗುರವು ಏನೆಂದು ನಿಂತು ನಮಾಝ್ ಮಾಡುವಾಗ ತಿಳಿಯಿತು.

ಈದ್ ಕಳೆಯಿತು, ಮಳೆಗಾಲ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಧಕ್ಕೆ ಮೌನವಾಗುತ್ತದೆ. ನಾಡದೋಣಿಯ ಮೀನು ಸಿಕ್ಕರೂ ಕಡಿಮೆ, ಬೆಲೆ ಹೆಚ್ಚು. ಒಣಮೀನಿನಲ್ಲಿ ಪ್ರೋಟೀನಿದೆ, ಆದರೆ ಉಪ್ಪೂ ಬಹಳ. ಹಿಂದೆ ಈ ಎರಡು ತಿಂಗಳು ನಮ್ಮ ತಟ್ಟೆಗಳಲ್ಲಿ ಅನ್ನ, ಉಪ್ಪಿನಕಾಯಿ ಮಾತ್ರ ಉಳಿಯುತ್ತಿತ್ತು. ಈ ಬಾರಿ ಹುರುಳಿ, ಕಡಲೆ, ತೊಗರಿ, ಮೊಟ್ಟೆಗಳು ಆ ಜಾಗವನ್ನು ತುಂಬಿದವು. 100 ಗ್ರಾಂ ಒಣ ಬೇಳೆಕಾಳಿನಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನಿದೆ ಎಂಬುದು ಈಗ ನಮ್ಮ ಮನೆಯ ಮಕ್ಕಳಿಗೂ ಗೊತ್ತು.

ಜುಲೈ ತಿಂಗಳಲ್ಲಿ ಮತ್ತೆ ಪರೀಕ್ಷೆಯಾಯಿತು. ಎಚ್‌ಬಿಎ1ಸಿ 7.2, ಹಿಮೋಗ್ಲೋಬಿನ್ 11. ಕಬ್ಬಿಣಾಂಶದ ಮಾತ್ರೆ, ಸಕ್ಕರೆಯ ಮಾತ್ರೆ, ಸಂಜೆಯ ನಡಿಗೆ, ತಟ್ಟೆಯ ಬದಲಾವಣೆ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ನಾವು ಹೇಳಲಾರೆವು. ಅಲ್‌ಹಮ್ದುಲಿಲ್ಲಾಹ್, ಉಮ್ಮ ಈಗ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದಿಲ್ಲ. ಬಿಟ್ಟ ಉಪವಾಸವನ್ನು ವೈದ್ಯರ ಒಪ್ಪಿಗೆ ಪಡೆದು ಸಫರ್ ತಿಂಗಳಲ್ಲಿ ಪೂರೈಸಿದರು. ಅಂದು ಸಹ್ರಿಯಲ್ಲಿ ಅವರ ತಟ್ಟೆಯನ್ನು ನಾವೆಲ್ಲರೂ ಕಾವಲು ಕಾದೆವು.

ಆದರೆ ಈ ಬರಹವನ್ನು ಬರೆಯಲು ಕಾರಣ ಆ ಸಂಖ್ಯೆಗಳಲ್ಲ. ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ ನಾವು ಸಂತೋಷದಲ್ಲಿದ್ದಾಗ ಉಮ್ಮ ಆ ಹಳೆಯ ಪಟ್ಟಿಯ ಹಾಳೆಯನ್ನು ಕೇಳಿದರು. ಅದರ ಹಿಂಬದಿಯನ್ನು ತೋರಿಸಿ, "ಇಲ್ಲಿ ಇವಳದ್ದೂ ಬರೆಯಿರಿ" ಎಂದು ಮನೆಯ ಸೊಸೆಯ ಕಡೆಗೆ ಬೆರಳು ಮಾಡಿದರು. ನಾವು ಸುಮ್ಮನಾದೆವು. ಇಷ್ಟು ತಿಂಗಳು ಉಮ್ಮನನ್ನು ಮೊದಲ ಸುಪ್ರಕ್ಕೆ ಕರೆದು ಕುಳ್ಳಿರಿಸಿದ ನಾವು, ಏಳು ತಟ್ಟೆಗಳನ್ನು ಜೋಡಿಸಿ ಕೊನೆಗೆ ತಾನು ಕುಳಿತು, ಯಾರಿಗಾದರೂ ಏನಾದರೂ ಬೇಕಾದಾಗ ತನ್ನ ತಟ್ಟೆಯಿಂದ ಎತ್ತಿ ಕೊಡುತ್ತಿದ್ದವಳನ್ನು ಗಮನಿಸಿರಲಿಲ್ಲ. ಗಮನಿಸಿದ್ದು ಆ ಜಾಗದಲ್ಲಿ ನಲವತ್ತು ವರ್ಷ ಕುಳಿತಿದ್ದವರು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಕೊನೆಯಲ್ಲಿ ಉಣ್ಣುವವರು ಯಾರು? ಒಂದು ಹಾಳೆ ತೆಗೆದುಕೊಳ್ಳಿ. ಮೂರು ದಿನ ಅವರ ತಟ್ಟೆಯನ್ನು ನೋಡಿ ಬರೆಯಿರಿ. ಅನ್ನ ಎಷ್ಟು, ಮೀನು ಎಷ್ಟು, ಬೇಳೆ ಎಷ್ಟು ಎಂದು ಬರೆಯಿರಿ. ನೆರೆಯವನ ಹಸಿವನ್ನು ವಿಚಾರಿಸಬೇಕಾದ ಸಮುದಾಯ ನಾವು. ನಮ್ಮದೇ ಒಲೆಯ ಬಳಿ ಇರುವವರ ಹಸಿವನ್ನು ವಿಚಾರಿಸದೆ ಉಂಡರೆ ಅದಕ್ಕೆ ಉತ್ತರ ಕೊಡಬೇಕಾದೀತು. ನೀಡಿದ ಅನುಗ್ರಹಗಳಲ್ಲಿ ಸಮತೋಲನವನ್ನೂ ಅವುಗಳ ಹಂಚಿಕೆಯಲ್ಲಿ ನ್ಯಾಯವನ್ನೂ ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.